ಅದಕ್ಕೆ ಎರಡು ಒದೆ

“ನಿಮ್ಗೆ ಮನೆಯಲ್ಲಿ ಅಕ್ಕ ತಂಗಿ ಯಾರೂ ಇಲ್ವಾ ಮಾರಾಯ್ರೆ?”

ಜಾಲ್ಸೂರಿನ ಬಸ್ ನಿಲ್ದಾಣದಲ್ಲಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಶೀಲಾವತಿ ಬಸ್ಸಿನ ಮೆಟ್ಟಿಲಿಗೆ ಇಟ್ಟ ಕಾಲನ್ನು ಹಿಂದೆ ತೆಗೆದು, ಹಿಂಬದಿಯಲ್ಲಿ ನಿಂತಿದ್ದ ಕೆಂಪು ಬೈಕಿನ ಎದುರು ಬಂದು ನಿಂತಿದ್ದಳು. ಕೈಯಲ್ಲಿ ಮಡಚಿದ ಕೊಡೆ. ಮುಖದಲ್ಲಿ ಬೆಂಕಿ!

ಬೈಕಿನ ಮೇಲಿದ್ದವನು ಆಚೆ ಈಚೆ ನೋಡಿದ. “ನನಗಾ ಹೇಳಿದ್ದು?”

“ಮತ್ತೆ ಬಸ್ಸಿಗಾ? ವಾರದಿಂದ ನೋಡ್ತಾ ಇದ್ದೇನೆ. ಬಸ್ಸು ನಿಂತ್ರೆ ಮುಂದೆ ಹೋಗುದು, ಬಸ್ಸು ಓಡಿದ್ರೆ ಹಿಂದೆ ಬರುದು. ಎಂತ ಆಟ ಇದು?”

ಅವಳಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನು ಹೇಳಿ! ಅದು ಎಂಬತ್ತಮೂರನೇ ಇಸವಿಯ ಬೇಸಗೆ. ಅವಳು ದಿನಾ ಜಾಲ್ಸೂರಿನಿಂದ ಪುತ್ತೂರಿನ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುವವಳು. ಬಸ್ಸು ಜಾಲ್ಸೂರಿನಲ್ಲಿ ನಿಂತರೆ ಈ ಕೆಂಪು ಬೈಕು ಮುಂದೆ ಹೋಗುತ್ತಿತ್ತು. ಕನಕಮಜಲು ದಾಟುವಷ್ಟರಲ್ಲಿ ಬಸ್ಸು ಅದನ್ನು ಹಿಂದೆ ಹಾಕುತ್ತಿತ್ತು. ಕಾವು ಎಂಬಲ್ಲಿ ಬಸ್ಸು ನಿಂತರೆ ಮತ್ತೆ ಬೈಕು ಕಿಟಕಿಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು. “ನಿಮ್ಮ ಮೆರವಣಿಗೆ ಬಂತು ನೋಡಿ” ಎಂದು ಕಂಡಕ್ಟರ್ ಕೂಡ ನಗಲು ಶುರು ಮಾಡಿದ್ದ. ನಕ್ಕವರಿಗೇನು, ನಾಳೆ ಊರಿನವರ ಬಾಯಿಗೆ ಬೀಳುವುದು ಹುಡುಗಿಯ ಹೆಸರು ತಾನೇ?

“ನೋಡಿ, ಇದು ಹೊಸ ಬೈಕ್...” ಅವನು ತೊದಲಿದ.

“ಹೊಸತಾದ್ರೆ ಊರಿಗೆಲ್ಲ ತೋರಿಸಿ. ನನಗೆ ತೋರಿಸುದು ಬೇಡ!”

ಅವನ ಹೆಸರು ಅಚ್ಚುತ. ಸುಳ್ಯದವನು, ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರು. ಒಂದು ಸೀಟಿ ಊದಿ ಇಡೀ ಶಾಲೆಯನ್ನು ಸಾಲಿನಲ್ಲಿ ನಿಲ್ಲಿಸುವ ಗಂಡಸಿಗೆ ಈ ಹುಡುಗಿಯ ಎದುರು ನಾಲಿಗೆಯೇ ಏಳಲಿಲ್ಲ. ಇಲ್ಲಿಂದ ಪಾರಾದರೆ ಸಾಕು ಎಂದುಕೊಂಡು, ಎಂಜಿನ್ ನಿಂತಿದೆಯೆಂದು ಭಾವಿಸಿ, ಲಿವರನ್ನು ಜೋರಾಗಿ ಒದ್ದ.

ಆ ಬೈಕಿನ ಕ್ರಮ ಅವನಿಗಿನ್ನೂ ಪೂರ್ತಿ ಕೈಗೆ ಬಂದಿರಲಿಲ್ಲ. ಅದರಲ್ಲಿ ಕಿಕ್ಕಿಗೂ ಗೇರಿಗೂ ಲಿವರ್ ಒಂದೇ. ತಿರುಗಿಸಿ ಹಿಂದೆ ತಂದರೆ ಕಿಕ್ಕು, ಮುಂದೆ ಮಡಚಿದರೆ ಗೇರು. ಎಂಜಿನ್ ನಿಂತಿರಲಿಲ್ಲ, ಬಸ್ಸಿನ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಲ್ಲ ಅಷ್ಟೆ. ಮುಂದೆ ಮಡಚಿದ್ದ ಲಿವರಿಗೆ ಒದೆ ಬಿದ್ದದ್ದೇ ತಡ, ಬೈಕು ಗೇರಿಗೆ ಬಿದ್ದು ಅವಳ ಕಡೆಗೇ ಹಾರಿತು!

ಶೀಲಾವತಿಯ ಕೊಡೆ ಚಕ್ರದಡಿಗೆ ಸಿಕ್ಕಿ ಮುರಿಯಿತು. ಬೈಕು ಕೆಮ್ಮಿ ಸುಮ್ಮನಾಯಿತು.

“ಗುದ್ದಿ ಕೊಲ್ಲುವ ಅಂದಾಜಾ?”

“ಅಯ್ಯೋ ಇಲ್ಲ! ಇದು... ಒದೆಯುದೂ ಇದನ್ನೇ, ಗೇರು ಹಾಕುದೂ ಇದನ್ನೇ...”

ಜನ ಗೊಳ್ಳೆಂದು ನಕ್ಕರು. ಅವಳು ಮುರಿದ ಕೊಡೆಯನ್ನು ಅವನ ಪೆಟ್ರೋಲ್ ಟ್ಯಾಂಕಿನ ಮೇಲೆ ಅಡ್ಡ ಇಟ್ಟು, ಬಸ್ಸು ಹತ್ತಿ ಹೋದಳು.

*

ನಾಲ್ಕು ದಿನ ಕಳೆದು ಅಂಗಡಿಯ ಬಾಗಿಲಲ್ಲಿ ಕೆಂಪು ಕಣ್ಣಿನ ಒಬ್ಬ ಗಿರಾಕಿ ನಿಂತಿದ್ದ. ಕಂಕುಳಲ್ಲಿ ಹೊಸ ಕೊಡೆ.

‘ಇಲ್ಲಿಗೂ ಬಂದನಾ!’ ಶೀಲಾವತಿಯ ಎದೆ ಹೊಡೆದುಕೊಂಡಿತು. ಹೆದರಿಕೆಗಲ್ಲ, ಸಿಟ್ಟಿಗೇ.

“ನೀವು ಇಲ್ಲಿ ಇರುದು ಅಂತ ನಂಗೆ ಗೊತ್ತಿತ್ತು, ಸುಳ್ಳು ಹೇಳುದಿಲ್ಲ” ಎಂದ ಅಚ್ಚುತ. “ಆದ್ರೆ ಕಣ್ಣು ಉರಿಯುದೂ ಸುಳ್ಳಲ್ಲ. ಬಸ್ಸಿನ ಹೊಗೆ, ಧೂಳು. ಗಾಳಿಗೆ ಹಾಕುವ ಕನ್ನಡಕ ಒಂದು ಬೇಕಿತ್ತು.”

“ಬಸ್ಸಿನ ಹಿಂದೆ ಬರದಿದ್ರೆ ಹೊಗೆಯೂ ಇಲ್ಲ, ಧೂಳೂ ಇಲ್ಲ.”

“ಮುಂದೆ ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ್ರೆ! ಸಾವಿರ ಕಿಲೋಮೀಟರ್ ಆಗುವವರೆಗೆ ನಲ್ವತ್ತರ ಮೇಲೆ ಓಡಿಸ್ಬಾರ್ದು ಅಂತ ಉಂಟು. ಓಡಿಸಿದ್ರೆ ಹೊಸ ಎಂಜಿನ್ ಬಿಸಿಯಾಗಿ ಹಿಡ್ಕೊಳ್ತದೆ. ನಿಮ್ಮ ಬಸ್ಸಿನವ ಐವತ್ತರಲ್ಲಿ ಹೋಗ್ತಾನೆ. ನಾನು ಎಂತ ಮಾಡುದು?”

ಒಳಗೆ ಕೂತಿದ್ದ ಅಂಗಡಿಯ ಯಜಮಾನ ಸರ್ವೋತ್ತಮ ರೈಗಳು ಪೇಪರಿನಿಂದ ತಲೆ ಎತ್ತದೆ ಹೇಳಿದರು, “ಅದು ಸತ್ಯವೇ. ನನ್ನ ಜೀಪು ಹೊಸತರಲ್ಲಿ ಹಾಗೆಯೇ ಇತ್ತು.”

ಶೀಲಾವತಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಊರೆದುರು ಅಷ್ಟು ಬೈದಿದ್ದಳಲ್ಲ! ಕ್ಷಮೆ ಕೇಳುವ ಜಾಯಮಾನ ಅವಳದ್ದಲ್ಲ. ಸುಮ್ಮನೆ ಒಂದು ಕನ್ನಡಕ ತೆಗೆದು ಅವನ ಮುಖಕ್ಕೆ ಇಟ್ಟಳು. ಕಿವಿಯ ಹಿಂದೆ ಕಡ್ಡಿ ಬಿಗಿಯಾಗಿದೆಯೇ ಎಂದು ಬೆರಳಿನಿಂದ ನೋಡಿದಳು. ದಿನಾ ಹತ್ತಾರು ಜನರಿಗೆ ಮಾಡುವ ಕೆಲಸವೇ. ಇವತ್ತು ಮಾತ್ರ ಅದೇ ಕಡ್ಡಿಯನ್ನು ಎರಡು ಸಲ ನೋಡಿದಳು.

“ಬಿಗಿ ಆಗ್ತದಾ?”

“ಇಲ್ಲ” ಎಂದ ಅವನು, ಕಣ್ಣು ಮುಚ್ಚಿಕೊಂಡು. “ಸರಿ ಉಂಟು.”

ಅಲ್ಲಿಂದ ಮೇಲೆ ಬಸ್ಸಿನ ಕಿಟಕಿಯ ಪಕ್ಕದ ಸೀಟನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ಬೈಕು ಹಾದು ಹೋಗುವಾಗ ಆಚೆ ಮುಖ ಮಾಡುತ್ತಿದ್ದಳು, ಕಣ್ಣು ಮಾತ್ರ ಈಚೆಗೇ ಇರುತ್ತಿತ್ತು. ಒಂದು ದಿನ ಕುಂಬ್ರದಲ್ಲಿ ಬಸ್ಸು ಕೆಟ್ಟು ಎಲ್ಲರೂ ಇಳಿದಾಗ, ಬೈಕು ನಿಲ್ಲಿಸಿದ ಅವನನ್ನು ಅವಳೇ ಕೇಳಿದಳು.

“ಸಾವಿರ ಕಿಲೋಮೀಟರ್ ಆಗ್ಲಿಲ್ವಾ ಇನ್ನೂ?”

ಅಚ್ಚುತ ಕೆಂಪಗಾದ. “ಆಗಿ ತುಂಬಾ ದಿನ ಆಯ್ತು.”

“ಮತ್ತೆ?”

“ಮತ್ತೆ ಎಂತ... ನಲ್ವತ್ತೇ ಅಭ್ಯಾಸ ಆಯ್ತು.”

ಅವಳು ನಗು ತಡೆಯಲಾಗದೆ ಅವನು ತಂದುಕೊಟ್ಟಿದ್ದ ಹೊಸ ಕೊಡೆಯನ್ನು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದಳು.

*

ಇಬ್ಬರದೂ ಗೌಡರ ಮನೆತನ, ಬಳಿ, ಅಂದರೆ ಗೋತ್ರ, ಬೇರೆ ಬೇರೆ. ಅಡ್ಡಿ ಇರಲಿಲ್ಲ. ಅಚ್ಚುತನ ಸೋದರಮಾವ ಹೆಣ್ಣು ಕೇಳಲು ಬಂದರು. ಮುಂದಿನ ಆದಿತ್ಯವಾರ ಅಚ್ಚುತನೂ ಬಂದು ಅವಲಕ್ಕಿ ತಿಂದು ಹೋದ. ಶೀಲಾವತಿಯ ತಂದೆ ಬೆಳ್ಯಪ್ಪ ಗೌಡರು ಮಗಳನ್ನು ಕರೆದರು.

“ನಂಗೆ ಒಪ್ಪಿಗೆ. ಆದ್ರೆ ನೀನು ಹೇಳದೆ ನಾನು ಹೌದು ಅನ್ನುದಿಲ್ಲ. ಒಂದು ಸಲ ನಾನೇ ಹೌದು ಅಂತ ಹೇಳಿ ಆದದ್ದು ಸಾಕು.”

ಆ ಒಂದು ಸಲದ ಕತೆ ಒಳಗಿನ ಕೋಣೆಯಲ್ಲಿತ್ತು. ಶೀಲಾವತಿಯ ಅಕ್ಕ ದುಗ್ಗಮ್ಮ. ಕಡಬದ ಕಡೆಗೆ ಮದುವೆಯಾಗಿ ಹೋದವಳು ಗಂಡನ ಕಾಲಿನ ಏಟು ತಾಳಲಾರದೆ ಒಂದು ಬೆಳಿಗ್ಗೆ ಉಟ್ಟ ಸೀರೆಯಲ್ಲಿ ತವರಿಗೆ ನಡೆದು ಬಂದಿದ್ದಳು. ಈಗಲೂ ಮನೆಯಲ್ಲಿ ಯಾವ ಗಂಡಸು ದನಿ ಎತ್ತಿದರೂ, ಅದು ದನಕ್ಕೆ ಬೈದದ್ದೇ ಆಗಿರಲಿ, ದುಗ್ಗಮ್ಮ ಒಳಗೆ ಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಅಕ್ಕನ ಬೆನ್ನಿಗೆ ಎಣ್ಣೆ ಹಚ್ಚಿದ ದಿನವೇ ಶೀಲಾವತಿ ನಿಶ್ಚಯಿಸಿದ್ದಳು. ಕಾಲೆತ್ತುವ ಗಂಡಸಿನ ಮನೆಗೆ ತಾನು ಹೋಗುವುದಿಲ್ಲ, ಮದುವೆಯೇ ಆಗದಿದ್ದರೂ ಸರಿ.

“ಇವ್ರು ಹಾಗಲ್ಲ ಅಕ್ಕ” ಎಂದಳು ಅವಳು ಆ ರಾತ್ರಿ.

ದುಗ್ಗಮ್ಮ ಚಾಪೆ ಬಿಡಿಸಿ ಮಲಗಿದಳು.

‘ಶನಿವಾರ ಅಪ್ಪನಿಗೆ ಹೌದು ಅಂತ ಹೇಳುದು’ ಎಂದು ಶೀಲಾವತಿ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಶುಕ್ರವಾರ ಎಲ್ಲ ಹಾಳಾಯಿತು.

ಸಂಜೆ ರೈಗಳಿಗೆ ಫ್ಲಾಸ್ಕಿನಲ್ಲಿ ಚಾ ತರಲು ಅವಳು ಪಕ್ಕದ ಹೋಟೇಲಿಗೆ ಹೋಗಿದ್ದಳು. ಹೆಂಗಸರು ಕೂರುವ ಜಾಗಕ್ಕೆ ಒಂದು ಹಳೆಯ ಪರದೆ. ಪರದೆಯ ಆಚೆ ಗುರುತಿನ ದನಿ! ಅಚ್ಚುತ ಮತ್ತು ಅವನ ಶಾಲೆಯ ಡ್ರಾಯಿಂಗ್ ಮಾಸ್ಟ್ರು ಸಂಕಪ್ಪ. ಇಬ್ಬರೂ ಆ ಕಡೆಯ ಗೌಡರ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತಿದ್ದರು.

ಇಲ್ಲೊಂದು ಮಾತು ಹೇಳಬೇಕು. ಅರೆಭಾಷೆಯಲ್ಲಿ ಹುಡುಗಿಗೆ ‘ಗೂಡೆ’ ಎನ್ನುತ್ತಾರೆ, ಮತ್ತು ಗೂಡೆಯನ್ನು ‘ಅವಳು’ ಎನ್ನುವುದಿಲ್ಲ, ‘ಅದು’ ಎನ್ನುತ್ತಾರೆ. ಅಕ್ಕನೂ ‘ಬಂತು’, ದನವೂ ‘ಬಂತು’. ಅದರಲ್ಲಿ ಅವಮಾನವೇನೂ ಇಲ್ಲ, ಮುದ್ದೇ ಹೆಚ್ಚು. ಆದರೆ ಆ ಹಾಳು ಶುಕ್ರವಾರ ಆ ಒಂದು ‘ಅದು’ ಮಾಡಿದ ಅನಾಹುತ ಅಷ್ಟಿಷ್ಟಲ್ಲ!

“ಆದಿತ್ಯವಾರ ಜಾಲ್ಸೂರಿನಲ್ಲಿ ಎಂತ ಆಯ್ತು ಮಾರಾಯ?” ಸಂಕಪ್ಪ ಕೇಳಿದ.

ಶೀಲಾವತಿಯ ಕಿವಿ ನೆಟ್ಟಗಾಯಿತು.

“ಎಂತ ಆಗುದು? ಜನ ಸೇರಿದಲ್ಲಿ ನನ್ನ ಮರ್ಯಾದೆ ತೆಗಿತು. ನೋಡ್ಲಿಕ್ಕೆ ಚಂದ, ಸೊಕ್ಕು ಮಾತ್ರ ಹೇಳಿ ಸುಖ ಇಲ್ಲ. ಎರಡು ಒದೆ ಕೊಡದೆ ಮಾತೇ ಕೇಳುದಿಲ್ಲ.”

“ಒದ್ರೆ ಕೇಳ್ತದಾ?”

“ಅದಕ್ಕೂ ಕ್ರಮ ಉಂಟು. ಸುಮ್ಮನೆ ಒದಿಲಿಕ್ಕಿಲ್ಲ, ತಿರುಗಿ ನಮಗೇ ಬಡಿತದೆ. ಮೊದಲು ಮೆಲ್ಲ ಒತ್ತಿ ನೋಡ್ಬೇಕು. ಎಲ್ಲಿ ಎದುರು ನಿಲ್ತದೆ ಅಂತ ಗೊತ್ತಾದ ಮೇಲೆ ಅಲ್ಲಿಗೇ ಒಂದು ಜೋರು. ಈಗ ನಂಗೆ ಅದರ ಗುಣ ಗೊತ್ತಾಯ್ತು. ಇನ್ನು ಪಳಗಿಸ್ತೇನೆ ನೋಡು.”

ಶೀಲಾವತಿಯ ಕೈಯಿಂದ ಫ್ಲಾಸ್ಕ್ ಜಾರಿತು. ಗಾಜು ಒಡೆದ ಸದ್ದಿಗೆ ಆಚೆಯವರು ತಿರುಗುವ ಮೊದಲೇ ಅವಳು ಹೊರಗೆ ಓಡಿದ್ದಳು.

ಒಂದೇ ಒಂದು ನಿಮಿಷ ನಿಂತಿದ್ದರೆ! “ಪ್ಲಗ್ ಬದಲಾಯಿಸಿದ್ರೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆದೀತು” ಎಂಬ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. ನಿಲ್ಲಲಿಲ್ಲ. ಅವಳನ್ನು ಬೈಯಬೇಕೆಂದು ನನಗೂ ಅನಿಸುತ್ತದೆ. ಆದರೆ ಅಕ್ಕನ ಬೆನ್ನು ನೋಡಿದ ಹುಡುಗಿಗೆ ‘ಒದೆ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಿಲ್ಲು ಎಂದರೆ ಕಾಲು ನಿಲ್ಲುತ್ತದೆಯೇ?

ಬಸ್ಸಿನಲ್ಲಿ ಅವಳು ಅಳಲಿಲ್ಲ. ಹಲ್ಲು ಕಚ್ಚಿ ಕೂತಿದ್ದಳು. ‘ಅವತ್ತು ಬಸ್ ನಿಲ್ದಾಣದಲ್ಲಿ, ಜನ ಸೇರಿದಲ್ಲಿ ಮರ್ಯಾದೆ ತೆಗೆದೆ, ಹೌದು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ನಗುತ್ತಾ ಕೊಡೆ ತಂದು ಕೊಟ್ಟು, ಈಗ ಪಳಗಿಸುತ್ತಾನಂತೆ! ಮೆಲ್ಲ ಒತ್ತಿ ನೋಡಿ... ಥೂ!’

ಮನೆಗೆ ಬಂದವಳೇ ಅಪ್ಪನಿಗೆ ಹೇಳಿದಳು.

“ಬೇಡ ಅಂತ ಹೇಳಿ ಕಳಿಸಿ. ಒದಿಯುವ ಗಂಡು ನಮಗೆ ಬೇಡ. ಹಾಗೇ ಹೇಳಿ, ಮುಚ್ಚಿಟ್ಟು ಹೇಳುದು ಬೇಡ.”

*

ಆದಿತ್ಯವಾರ ಮಧ್ಯಾಹ್ನ ಬೆಳ್ಯಪ್ಪ ಗೌಡರ ಅಂಗಳಕ್ಕೆ ಕೆಂಪು ಬೈಕು ನುಗ್ಗಿತು. ಇವತ್ತು ಅದು ನಲವತ್ತರಲ್ಲಿ ಬಂದಿರಲಿಲ್ಲ.

“ಗೌಡ್ರೇ!” ಅಚ್ಚುತ ಇಳಿಯುವ ಮೊದಲೇ ಕೂಗಿದ. “ನಾನು ಯಾರಿಗೆ ಒದ್ದಿದ್ದೇನೆ? ಹೇಳಿ! ನನ್ನ ಮಾವನ ಮುಖಕ್ಕೆ ಹೇಳಿ ಕಳಿಸಿದಿರಲ್ಲ, ಒದಿಯುವವ ಅಂತ! ನಾನು ಮಕ್ಕಳಿಗೆ ಪಾಠ ಹೇಳುವವ. ಇವತ್ತಿನವರೆಗೆ ಒಂದು ಮಗುವಿನ ಕಿವಿ ಹಿಂಡ್ಲಿಲ್ಲ!”

“ಕೂತು ಮಾತಾಡುವ ಮಾಸ್ಟ್ರೇ...”

“ಕೂರುದಿಲ್ಲ!”

ಒಳಗಿಂದ ಶೀಲಾವತಿ ಜಗಲಿಯ ಮೆಟ್ಟಿಲಿಗೆ ಬಂದಳು. “ಅಪ್ಪನ ಮೇಲೆ ಯಾಕೆ ಬೊಬ್ಬೆ ಹಾಕ್ತೀರಿ? ಹೇಳಿದ್ದು ನಾನು. ನನ್ನ ಹತ್ರ ಮಾತಾಡಿ!”

“ನಿಮ್ಮ ಹತ್ರವೇ ಮಾತಾಡ್ಲಿಕ್ಕೆ ಬಂದದ್ದು! ನಿಮ್ಗೆ ನಾನು ಬೇಡದಿದ್ರೆ ಬೇಡ ಅಂತ ಹೇಳಿ. ಮುಖ ಚಂದ ಇಲ್ಲ ಅಂತ ಹೇಳಿ. ಸುಳ್ಳು ಯಾಕೆ ಹೇಳುದು?”

“ಸುಳ್ಳಾ?” ಅವಳು ಮೆಟ್ಟಿಲಿಳಿದಳು. “ನನ್ನ ಎರಡು ಕಿವಿಯಲ್ಲಿ ಕೇಳಿದ್ದು ಸುಳ್ಳಾ? ಹೋಟೇಲಿನಲ್ಲಿ ಸಂಕಪ್ಪ ಮಾಸ್ಟ್ರ ಹತ್ರ ಎಂತ ಹೇಳಿದ್ದು ನೀವು? ಜಾಲ್ಸೂರಿನಲ್ಲಿ ಮರ್ಯಾದೆ ತೆಗಿತು, ನೋಡ್ಲಿಕ್ಕೆ ಚಂದ, ಎರಡು ಒದೆ ಕೊಡದೆ ಕೇಳುದಿಲ್ಲ, ಪಳಗಿಸ್ತೇನೆ... ಹೇಳ್ಲಿಲ್ವಾ?”

ಅಚ್ಚುತನ ಬಾಯಿ ತೆರೆದೇ ಉಳಿಯಿತು. “ಹೇಳಿದ್ದೇನೆ...”

“ಹೌದಲ್ಲ!”

“ಹೌದು! ಅದಕ್ಕೆ ಹೇಳಿದ್ದು!”

“ಯಾವುದಕ್ಕೆ?”

“ಅದಕ್ಕೆ!” ಅವನು ಕೈ ಚಾಚಿ ಬೈಕನ್ನು ತೋರಿಸಿದ. “ಅವತ್ತು ನಿಮ್ಮಲ್ಲಿಂದ ಹೊರಟವ ಜಾಲ್ಸೂರು ಪೇಟೆಯಲ್ಲಿ ಬೀಡಾ ಹಾಕ್ಲಿಕ್ಕೆ ನಿಲ್ಲಿಸಿದ್ದು. ಮತ್ತೆ ಸ್ಟಾರ್ಟೇ ಆಗ್ಲಿಲ್ಲ. ಒದ್ದು ಒದ್ದು ಕಾಲು ಸೋತಿತು, ಪೇಟೆಯವರೆಲ್ಲ ನಿಂತು ನಗಾಡಿದ್ರು. ಅದನ್ನು ಹೇಳಿದ್ದು ನಾನು!”

ಬೆಳ್ಯಪ್ಪ ಗೌಡರು ಬೈಕನ್ನೊಮ್ಮೆ ಮಗಳನ್ನೊಮ್ಮೆ ನೋಡಿ, ಹೆಗಲ ಮೇಲಿನ ಬೈರಾಸಿನ ತುದಿಯಿಂದ ಬಾಯಿ ಮುಚ್ಚಿಕೊಂಡರು.

ಶೀಲಾವತಿಯ ಮುಖಕ್ಕೆ ರಕ್ತ ನುಗ್ಗಿತು. ತಪ್ಪಾಯಿತು ಎನ್ನಬಹುದಿತ್ತು. ಅನ್ನುವವಳೇ ಅವಳು?

“ಬೈಕ್ ಅಂತ ಹೇಳ್ಲಿಕ್ಕೆ ನಿಮ್ಮ ಬಾಯಿಗೆ ಎಂತ ಆಗಿತ್ತು?”

“ಎದುರು ಕೂತವನಿಗೆ ಗೊತ್ತಿತ್ತು! ಪರದೆಯ ಹಿಂದೆ ನಿಂತವರಿಗೂ ಬಿಡಿಸಿ ಹೇಳ್ಬೇಕಾ?”

“ಕದ್ದು ಕೇಳ್ಲಿಕ್ಕೆ ಹೋದದ್ದಲ್ಲ ನಾನು!” ಅವಳು ಇನ್ನೂ ಮುಂದೆ ಬಂದಳು.

“ಕೇಳಿದ್ರಲ್ಲ! ಕೇಳಿದ ಮೇಲೆ ನನ್ನ ಹತ್ರ ಒಂದು ಮಾತು ವಿಚಾರಿಸ್ಬಹುದಿತ್ತಲ್ಲ? ಅಷ್ಟು ದಿನ ಬಸ್ಸಿನ ಹೊಗೆ ಕುಡ್ದವ ನಾನು. ಒಂದು ಮಾತಿಗೆ ಯೋಗ್ಯತೆ ಇಲ್ವಾ ನಂಗೆ?”

“ವಿಚಾರಿಸಿದ್ರೆ ಯಾರು ಹೌದು ಅಂತಾರೆ? ನನ್ನ ಭಾವನೂ ಮದುವೆಗೆ ಮೊದಲು ದೇವರ ಹಾಗೆಯೇ ಇದ್ರು! ಅಕ್ಕನ ಬೆನ್ನು ನೋಡಿದ್ದೀರಾ ನೀವು?”

ಹೇಳಿದ ಮೇಲೆ ಅವಳಿಗೆ ಎಚ್ಚರವಾಯಿತು. ಮನೆಯೊಳಗೇ ಇದ್ದ ಮಾತು ಅಂಗಳಕ್ಕೆ ಬಿದ್ದಿತ್ತು.

ಅಚ್ಚುತ ತಲೆ ತಗ್ಗಿಸಿದ. “ನಂಗೆ... ನಂಗೆ ಗೊತ್ತಿರ್ಲಿಲ್ಲ.”

“ಗೊತ್ತಿಲ್ಲದ್ದಕ್ಕೆ ನೀವು ತಲೆ ತಗ್ಗಿಸುದು ಬೇಡ ಮಾಸ್ಟ್ರೇ.”

ಆ ದನಿ ಜಗಲಿಯಿಂದ ಬಂದಿತ್ತು. ಎಲ್ಲರೂ ತಿರುಗಿದರು. ದುಗ್ಗಮ್ಮ ಕಂಬದ ಪಕ್ಕದಲ್ಲಿ ನಿಂತಿದ್ದಳು. ಬಾಗಿಲ ಹಿಂದೆ ಅಲ್ಲ, ಹೊರಗೆ, ಬೆಳಕಿನಲ್ಲಿ.

“ಅಕ್ಕ...” ಶೀಲಾವತಿಯ ಕಣ್ಣು ತುಂಬಿತು. “ನಾನು ಹೇಳ್ಬಾರ್ದಿತ್ತು.”

“ಅದು ಇರ್ಲಿ. ನೀನು ಎಲ್ಲಿ ನಿಂತಿದ್ದಿ ನೋಡು ಶೀಲಾ.”

ಶೀಲಾವತಿ ನೋಡಿದಳು. ಜಗಲಿ ಅಷ್ಟು ದೂರದಲ್ಲಿತ್ತು. ಅವಳು ಅಂಗಳ ದಾಟಿ ಬಂದು ಅಚ್ಚುತನ ಮೂಗಿನ ಎದುರೇ ನಿಂತಿದ್ದಳು.

“ಅವ್ರು ಬೊಬ್ಬೆ ಹಾಕಿದ ಹಾಗೆ ನೀನು ಮುಂದೆ ಮುಂದೆ ಹೋದಿ” ಎಂದಳು ದುಗ್ಗಮ್ಮ. ದನಿ ಸಣ್ಣದಿತ್ತು, ನಡುಗುತ್ತಿರಲಿಲ್ಲ. “ಒಂದು ಸಲವೂ ಹಿಂದೆ ಸರಿಲಿಲ್ಲ. ನಾನು ಆ ಮನೆಯಲ್ಲಿ ಆ ಮನುಷ್ಯ ಕೆಮ್ಮಿದ್ರೂ ಗೋಡೆಗೆ ಒರಗ್ತಿದ್ದೆ. ಏಟು ಬೀಳ್ತದೆ ಅಂತ ಮೈಗೆ ಗೊತ್ತಾಗ್ತದೆ ಶೀಲಾ, ತಲೆಗಿಂತ ಮೊದಲು. ನಿನ್ನ ಮೈಗೆ ಇವ್ರ ಹೆದರಿಕೆ ಇಲ್ಲ.”

ಶೀಲಾವತಿ ಅಚ್ಚುತನ ಮುಖ ನೋಡಿದಳು.

“ನಂಗೂ...” ದುಗ್ಗಮ್ಮ ತನ್ನ ಕಾಲ ಬುಡವನ್ನೊಮ್ಮೆ ನೋಡಿಕೊಂಡಳು, ತಾನು ಹೊರಗೆ ಬಂದಿದ್ದೇನೆಂದು ಅವಳಿಗೇ ಆಗಷ್ಟೇ ಗೊತ್ತಾದಂತಿತ್ತು. “ನಂಗೂ ಒಳಗೆ ಹೋಗ್ಬೇಕು ಅಂತ ಅನಿಸ್ಲಿಲ್ಲ. ಇಬ್ರೂ ಸೇರಿ ಇಷ್ಟು ಬೊಬ್ಬೆ ಹಾಕಿದ್ರೂ.”

ಬೆಳ್ಯಪ್ಪ ಗೌಡರು ಬೈರಾಸನ್ನು ಬಾಯಿಂದ ಕಣ್ಣಿಗೆ ಒಯ್ದರು.

“ಕಾಫಿಗೆ ಇಡ್ತೇನೆ” ಎಂದು ದುಗ್ಗಮ್ಮ ಒಳಗೆ ಹೋದಳು. ಗೌಡರೂ ಆಗ ದನ ಕಟ್ಟಿದ ಹಗ್ಗದ ನೆನಪಾಗಿ ಹಿತ್ತಿಲಿಗೆ ನಡೆದರು.

ಅಂಗಳದಲ್ಲಿ ಇಬ್ಬರೇ. ಶೀಲಾವತಿಗೆ ಹಿಂದೆ ಹೋಗಲು ಮನಸ್ಸಿರಲಿಲ್ಲ, ಅಲ್ಲೇ ನಿಲ್ಲಲು ನಾಚಿಕೆ.

“ನಾನು ಇಷ್ಟು ಸಿಟ್ಟು ಯಾರ ಮೇಲೂ ಮಾಡ್ಲಿಲ್ಲ” ಎಂದ ಅಚ್ಚುತ ಮೆಲ್ಲಗೆ. “ಮಾವ ಬಂದು ಹೇಳಿದಾಗಿಂದ ಊಟ ಸೇರ್ಲಿಲ್ಲ. ಸಂಬಂಧ ತಪ್ಪಿತು ಅಂತ ಅಲ್ಲ... ನೀವು ನಂಗೆ ಹೆದರುವ ಹಾಗೆ ಆಯ್ತಲ್ಲ ಅಂತ. ನಂಗೆ ನೀವು ಬೇಕು. ಬೈಯಿರಿ, ಜಗಳ ಮಾಡಿ. ಹೆದರುದು ಮಾತ್ರ ಬೇಡ.”

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

“ನಂಗೂ ನೀವೇ ಬೇಕು. ಶನಿವಾರ ಹೌದು ಅಂತ ಹೇಳ್ಬೇಕು ಅಂತ ಇದ್ದೆ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು. ಬೇರೆ ಯಾರಾದ್ರೂ ಹಾಗೆ ಹೇಳಿದ್ದಿದ್ರೆ ನಂಗೆಂತ?”

“ಹಾಗಾದ್ರೆ ನಾನು ಮಾವನ ಹತ್ರ ಎಂತ ಹೇಳ್ಲಿ?”

“ಹೌದು ಅಂತ ಹೇಳಿ.”

“ಸಿಟ್ಟು?”

“ಉಂಟು. ಇಳಿಲಿಲ್ಲ ಇನ್ನೂ.”

“ಯಾವಾಗ ಇಳಿಯುದು?”

“ನಂಗೆಂತ ಗೊತ್ತು? ಇಳಿಯುವವರೆಗೆ ಇಲ್ಲೇ ಕೂತ್ಕೊಳ್ಳಿ.”

ಅಚ್ಚುತ ಹೋಗಿ ಜಗಲಿಯಲ್ಲಿ ಕೂತ. ಅವಳು ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತಿದ್ದು, ಆಮೇಲೆ ಬಂದು ಅವನ ಪಕ್ಕದಲ್ಲಿ, ಮಧ್ಯೆ ಒಂದು ಕಾಫಿ ಲೋಟ ಇಡುವಷ್ಟೇ ಜಾಗ ಬಿಟ್ಟು ಕೂತಳು.

“ತಡ ಆದ್ರೆ?” ಎಂದ ಅವನು.

“ಆಗ್ಲಿ” ಎಂದಳು ಶೀಲಾವತಿ.